ಪಂದ್ಯ ನೋಡಲು ಬೆಂಗಳೂರಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಮಲ್ಲೇಶ್ವರದಲ್ಲಿದೆ. ಏಪ್ರಿಲ್ ಬಂತೆಂದರೆ ಊರಿನ ಕಡೆಯಿಂದ ಫೋನು ಶುರುವಾಗುತ್ತದೆ: "ಮ್ಯಾಚಿಗೆ ಬರುತ್ತಿದ್ದೇವೆ, ಎಲ್ಲಿ ಇಳಿಯಬೇಕು?" ಮದುವೆಮನೆಯ ಪಂಕ್ತಿಯಲ್ಲಿ ಕುಳಿತರೂ ಪಕ್ಕದವರು ಇದನ್ನೇ ಕೇಳುತ್ತಾರೆ. ಇಷ್ಟು ವರ್ಷಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲ ಸಲ ಬರುವವರಿಗೆ ಬೇಕಾದದ್ದು ಮೊದಲು, ಆಟದ ಹುಚ್ಚಿರುವವರಿಗೆ ಬೇಕಾದದ್ದು ಕೊನೆಗೆ.

## ಬರುವ ಮುನ್ನ

ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತೇವೆ. ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗುವುದು ಹೇಗೆ?

ಮೆಟ್ರೊ ಹಿಡಿಯಿರಿ. ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ, ಅಂದರೆ ಹಳೆಯ ಸಿಟಿ ಸ್ಟೇಷನ್ನಿನಲ್ಲಿ ಇಳಿದರೆ ಪಕ್ಕದಲ್ಲೇ ನೇರಳೆ ಮಾರ್ಗದ ಮೆಟ್ರೊ ನಿಲ್ದಾಣವಿದೆ. ವೈಟ್‌ಫೀಲ್ಡ್ ಕಡೆಗೆ ಹೋಗುವ ರೈಲು ಹತ್ತಿದರೆ ನಾಲ್ಕನೆಯ ನಿಲ್ದಾಣವೇ ಕಬ್ಬನ್ ಪಾರ್ಕ್. ಮೆಟ್ಟಿಲು ಹತ್ತಿ ಮೇಲೆ ಬಂದರೆ ಕ್ರೀಡಾಂಗಣ ಕಣ್ಣೆದುರಿಗೇ ಇರುತ್ತದೆ. ಅದರ ಮುಂದಿನ ನಿಲ್ದಾಣ ಎಂ.ಜಿ. ರಸ್ತೆ, ಅಲ್ಲಿಂದಲೂ ನಡೆದುಬಿಡಬಹುದು.

ಯಶವಂತಪುರದಲ್ಲಿ ಇಳಿದರೆ ಹಸಿರು ಮಾರ್ಗ ಸಿಗುತ್ತದೆ; ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಬರುವ ರೈಲಾದರೆ ಎಚ್ಚರ: ನಿಲ್ದಾಣ ಚೆಂದವಿದೆ, ಆದರೆ ಮೆಟ್ರೊ ಅದರ ಬಾಗಿಲಿಗೆ ಬರುವುದಿಲ್ಲ. ಅಲ್ಲಿಂದ ಆಟೊ ಅಥವಾ ಬಸ್ಸಿನಲ್ಲಿ ಮೆಟ್ರೊ ತಲುಪಬೇಕು. ಆ ರೈಲು ದಂಡು (ಕಂಟೋನ್ಮೆಂಟ್) ನಿಲ್ದಾಣದಲ್ಲಿ ನಿಲ್ಲುವುದಾದರೆ ಅಲ್ಲೇ ಇಳಿಯಿರಿ. ಕ್ರೀಡಾಂಗಣಕ್ಕೆ ಅದು ಹತ್ತಿರ.

ಮೈಸೂರಿನಿಂದ ಬಸ್ಸಿನಲ್ಲಿ ಬಂದರೆ?

ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿಯಿರಿ. ದೀಪಾಂಜಲಿ ನಗರ ಮೆಟ್ರೊ ನಿಲ್ದಾಣ ಹತ್ತಿರದಲ್ಲಿದೆ, ಅದೂ ನೇರಳೆ ಮಾರ್ಗವೇ. ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಬರುತ್ತೇನೆಂದು ಕುಳಿತರೆ ಸಂಜೆಯ ಸಂಚಾರದಲ್ಲಿ ಮೊದಲ ಹತ್ತು ಓವರ್ ಹೋಗಿರುತ್ತವೆ. ರಾತ್ರಿ ಮರಳುವುದಕ್ಕೆ ಯೋಚನೆ ಬೇಡ. ಮೈಸೂರಿಗೆ ಇಡೀ ರಾತ್ರಿ ಬಸ್ಸುಗಳಿರುತ್ತವೆ.

ಕಾರು ತರಬಹುದೇ?

ಊರೊಳಗೆ ತರಬೇಡಿ. ಪಂದ್ಯದ ದಿನ ಕ್ರೀಡಾಂಗಣದ ಸುತ್ತಲ ರಸ್ತೆಗಳಲ್ಲಿ ನಿಲುಗಡೆಗೆ ಅವಕಾಶವಿರುವುದಿಲ್ಲ. ತುಮಕೂರು ರಸ್ತೆಯಿಂದ ಬರುವವರು ನಾಗಸಂದ್ರ ಮೆಟ್ರೊ ನಿಲ್ದಾಣದಲ್ಲಿ ಕಾರು ಬಿಟ್ಟು ಬನ್ನಿ.

ಎಲ್ಲಿ ಉಳಿದುಕೊಳ್ಳುವುದು ಒಳ್ಳೆಯದು?

ನೇರಳೆ ಮಾರ್ಗದ ಮೇಲೆ ಎಲ್ಲಾದರೂ. ಇದೊಂದನ್ನು ನೆನಪಿಟ್ಟರೆ ಸಾಕು. ಎಂ.ಜಿ. ರಸ್ತೆಯ ಹೋಟೆಲುಗಳು ದುಬಾರಿ. ಮೆಜೆಸ್ಟಿಕ್, ಗಾಂಧಿನಗರದ ಲಾಡ್ಜ್‌ಗಳು ಅಗ್ಗ, ಬಸ್ಸು ರೈಲು ಎರಡಕ್ಕೂ ಹತ್ತಿರ. ಕುಟುಂಬ ಸಮೇತ ಬರುವವರಿಗೆ ನಾನು ವಿಜಯನಗರ ಅಥವಾ ಇಂದಿರಾನಗರ ಹೇಳುತ್ತೇನೆ. ರಾತ್ರಿ ಹನ್ನೊಂದರ ಮೇಲೂ ಬೀದಿಯಲ್ಲಿ ಜನ ಓಡಾಡುತ್ತಿರುತ್ತಾರೆ.

ವಿಮಾನ ನಿಲ್ದಾಣದಿಂದ ಎಷ್ಟು ಹೊತ್ತಾಗುತ್ತದೆ?

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ನಗರದ ಮಧ್ಯದಿಂದ ಸುಮಾರು 35 ಕಿ.ಮೀ. ಬೆಳಗಿನ ಜಾವ ಒಂದು ಗಂಟೆಯೊಳಗೆ ಬಂದುಬಿಡುತ್ತೀರಿ. ಸಂಜೆಯಾದರೆ ಎರಡು ಗಂಟೆ ಇಟ್ಟುಕೊಳ್ಳಿ. ಬಿಎಂಟಿಸಿಯ ವಾಯು ವಜ್ರ ಬಸ್ಸು ಟ್ಯಾಕ್ಸಿಗಿಂತ ಎಷ್ಟೋ ಅಗ್ಗ, ಸೀಟೂ ಆರಾಮ.

ಆಟೊದವರು ಎಷ್ಟು ಕೇಳಿದರೆ ಸರಿ?

2025ರ ಆಗಸ್ಟ್ 1ರಿಂದ ನಿಗದಿಯಾದ ದರದ ಪ್ರಕಾರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ರೂಪಾಯಿ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ಪಂದ್ಯ ಮುಗಿದ ಮೇಲೆ ಕ್ರೀಡಾಂಗಣದ ಎದುರು ನಿಂತು ಮೀಟರ್ ಹಾಕಿ ಎಂದರೆ ಯಾರೂ ಬರುವುದಿಲ್ಲ. ಒಂದು ಕಿ.ಮೀ. ದೂರ ನಡೆದು ಕೇಳಿ, ಬರುತ್ತಾರೆ. ದೊಡ್ಡವರನ್ನು "ಅಣ್ಣಾ" ಎಂದು ಕರೆದು ಮಾತಾಡಿಸಿ. ನಮ್ಮ ಊರಿನ ಆಟೊ ಚಾಲಕರಷ್ಟು ಕ್ರಿಕೆಟ್ ಬಲ್ಲವರು ಕಡಿಮೆ. ದಾರಿಯುದ್ದಕ್ಕೂ ತಂಡದ ಆಯ್ಕೆಯ ಬಗ್ಗೆ ಅವರು ಹೇಳುವುದನ್ನು ಕೇಳುವುದೇ ಒಂದು ಸಂತೋಷ.

ಹೆಂಗಸರಿಗೆ ಬಸ್ಸು ಉಚಿತವಂತೆ, ಎಲ್ಲರಿಗೂ ಸಿಗುತ್ತದೆಯೇ?

ಕರ್ನಾಟಕದ ನಿವಾಸಿಗಳಾದರೆ ಸಿಗುತ್ತದೆ. ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ಹೊರ ರಾಜ್ಯದಲ್ಲಿ ನೆಲೆಸಿರುವ ನೆಂಟರು ಜೊತೆಗಿದ್ದರೆ ಅವರು ಟಿಕೆಟ್ ಕೊಳ್ಳಬೇಕು. ವಾಯು ವಜ್ರದಂಥ ಹವಾನಿಯಂತ್ರಿತ ಬಸ್ಸುಗಳಲ್ಲಿ ಈ ಸೌಲಭ್ಯವಿಲ್ಲ.

## ಪಂದ್ಯದ ದಿನ

ಟಿಕೆಟ್ ಗೇಟಿನ ಹತ್ತಿರ ಸಿಗುತ್ತದೆಯಲ್ಲವೇ?

ದಯವಿಟ್ಟು ಆ ನಂಬಿಕೆಯಲ್ಲಿ ಬಸ್ಸು ಹತ್ತಬೇಡಿ. ಕ್ರೀಡಾಂಗಣದಲ್ಲಿ ಕೂರಬಹುದಾದವರು ಸುಮಾರು 35 ಸಾವಿರ ಜನ. ಐಪಿಎಲ್ ಟಿಕೆಟ್ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಗೇಟಿನ ಬಳಿ "ಟಿಕೆಟ್ ಬೇಕಾ" ಎಂದು ಬರುವವರಿಂದ ಕೊಂಡು ಮೋಸಹೋದವರನ್ನು ನಾನೇ ಕಂಡಿದ್ದೇನೆ. ನಮ್ಮ ಎದುರು ಮನೆಯವರ ಅಳಿಯ ಹೀಗೇ ಮೊಬೈಲಿಗೆ ಬಂದ ಟಿಕೆಟ್ಟಿನ ಚಿತ್ರಕ್ಕೆ ಐದು ಸಾವಿರ ಕೊಟ್ಟಿದ್ದ. ಅದೇ ಚಿತ್ರವನ್ನು ಇನ್ನೂ ಎಷ್ಟು ಜನರಿಗೆ ಮಾರಿದ್ದರೋ. ಅವನು ಗೇಟು ತಲುಪುವ ಹೊತ್ತಿಗೆ ಆ ಸೀಟಿನಲ್ಲಿ ಬೇರೆಯವರು ಕುಳಿತಾಗಿತ್ತು. ಎಂಟು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದ. ಆ ಹುಡುಗಿ ಕೆನ್ನೆಗೆ ಬಳಿದುಕೊಂಡ ಬಣ್ಣದಲ್ಲೇ ನಮ್ಮ ಮನೆಗೆ ಬಂದು ಟಿ.ವಿ. ಎದುರು ಕುಳಿತಳು. ಅಧಿಕೃತ ಮಾರಾಟದಲ್ಲಿ ಸಿಗದಿದ್ದರೆ ಆ ಸಲ ಬಿಟ್ಟುಬಿಡಿ.

ಟಿಕೆಟ್ ಸಿಕ್ಕ ಮೇಲೆ ಅದರ ಮೇಲಿನ ಅಂಗಳದ ಹೆಸರನ್ನೂ ಗೇಟಿನ ಸಂಖ್ಯೆಯನ್ನೂ ಓದಿ. ಬೆಂಗಳೂರಿಗೆ ನಿಗದಿಯಾದ ಪಂದ್ಯ ಬೇರೆ ಊರಿಗೆ ಹೋಗುವುದುಂಟು. 2025ರ ಮಹಿಳಾ ವಿಶ್ವಕಪ್ಪಿನ ಇಲ್ಲಿಯ ಪಂದ್ಯಗಳು ಗುವಾಹಟಿಗೂ ನವಿ ಮುಂಬೈಗೂ ಹೋದವು.

ಏನೇನು ಒಳಗೆ ಬಿಡುವುದಿಲ್ಲ?

ನೀರಿನ ಬಾಟಲಿ, ಊಟದ ಡಬ್ಬಿ, ದೊಡ್ಡ ಚೀಲ, ಬೆಂಕಿಪೊಟ್ಟಣ, ಕೋಲಿರುವ ಬಾವುಟ ಇವು ಗೇಟಿನಲ್ಲೇ ಉಳಿಯುತ್ತವೆ. ಲಗೇಜನ್ನು ಉಳಿದುಕೊಂಡ ಕಡೆ ಬಿಟ್ಟು, ಜೇಬಿನಲ್ಲಿ ಮೊಬೈಲು, ಟಿಕೆಟ್ಟು, ಸ್ವಲ್ಪ ದುಡ್ಡು ಇಟ್ಟುಕೊಂಡು ಬನ್ನಿ.

ಅಷ್ಟು ಜನಸಂದಣಿಯಲ್ಲಿ ಮಕ್ಕಳನ್ನು ಕರೆತರಬಹುದೇ? ಆ ದುರಂತದ ನಂತರ ಭಯವಾಗುತ್ತದೆ.

ಭಯ ಸಹಜ. 2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟನೆಯ ಪ್ರಯತ್ನದಲ್ಲಿ ಮೊದಲ ಸಲ ಐಪಿಎಲ್ ಗೆದ್ದಿತು. ಆ ರಾತ್ರಿ ನಮ್ಮ ಬೀದಿ ಮಲಗಲಿಲ್ಲ. ಮರುದಿನ ಸಂಜೆ, ವಿಜಯೋತ್ಸವದ ಹೊತ್ತಿಗೆ, ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ತೀರಿಕೊಂಡರು, ಬಹುಪಾಲು ಎಳೆಯರು. ಹಿಂದಿನ ದಿನ ಪಟಾಕಿ ಸಿಡಿಸಿದ್ದ ಬೀದಿಯಲ್ಲಿ ಅಂದು ರಾತ್ರಿ ಯಾರೂ ಮಾತಾಡಲಿಲ್ಲ. ಊರು ಅದನ್ನು ಮರೆತಿಲ್ಲ, ಮರೆಯಲೂ ಬಾರದು.

ಟಿಕೆಟ್ ಇದ್ದು, ಬೇಗ ಬಂದು, ಸೀಟಿನಲ್ಲಿ ಕುಳಿತು ನೋಡುವ ಪಂದ್ಯಕ್ಕೆ ಮಕ್ಕಳನ್ನು ಕರೆತನ್ನಿ. ಟಿಕೆಟ್ ಇಲ್ಲದ ಮೆರವಣಿಗೆ, ವಿಜಯೋತ್ಸವಗಳಿಗೆ ಮಕ್ಕಳು ಬೇಡ, ದೊಡ್ಡವರೂ ಯೋಚಿಸಿ. ಪಂದ್ಯಕ್ಕೆ ಎರಡು ಗಂಟೆ ಮೊದಲೇ ಗೇಟು ತಲುಪಿದರೆ ನೂಕುನುಗ್ಗಲು ಇರುವುದಿಲ್ಲ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ಸಂಖ್ಯೆ ಬರೆದ ಚೀಟಿ ಇರಲಿ. ಕಳೆದುಹೋದರೆ ಸೇರಬೇಕಾದ ಜಾಗವನ್ನು ಮೊದಲೇ ತೋರಿಸಿ: "ಈ ಕಂಬ, ಈ ಗೇಟು" ಎಂದು ಬೆರಳು ಮಾಡಿ.

ಮೈಗೆ ಮೈ ತಾಗಿ ನಿಮ್ಮ ಹೆಜ್ಜೆ ನಿಮ್ಮ ಕೈಯಲ್ಲಿಲ್ಲ ಎನಿಸಿದ ಕೂಡಲೇ ಅಲ್ಲಿಂದ ಹೊರಡಬೇಕು. ಎದುರು ತಳ್ಳಬೇಡಿ, ಜನ ಹೋಗುವ ಕಡೆಗೇ ಸಾಗುತ್ತ ಓರೆಯಾಗಿ ಅಂಚಿಗೆ ಬನ್ನಿ. ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿಯಿರಿ, ಉಸಿರಾಡಲು ಜಾಗ ಉಳಿಯುತ್ತದೆ. ಚಪ್ಪಲಿ, ಮೊಬೈಲು ಬಿದ್ದರೆ ಬಗ್ಗಬೇಡಿ. ಪಕ್ಕದವರು ಬಿದ್ದರೆ ಮಾತ್ರ ಕೂಗಿ, ಕೈ ಹಿಡಿದು ಎಬ್ಬಿಸಿ.

ಪಂದ್ಯ ಮುಗಿದ ಮೇಲೆ ಮೆಟ್ರೊ ಇರುತ್ತದೆಯೇ?

ದೊಡ್ಡ ಪಂದ್ಯಗಳ ರಾತ್ರಿ ಕೊನೆಯ ರೈಲಿನ ಸಮಯವನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ಪತ್ರಿಕೆಯಲ್ಲಿ ಹಿಂದಿನ ದಿನವೇ ಬಂದಿರುತ್ತದೆ. ವಾಪಸ್ ಟಿಕೆಟನ್ನು ಬರುವಾಗಲೇ ಕೊಂಡಿಡಿ. ಜನರೆಲ್ಲ ಕಬ್ಬನ್ ಪಾರ್ಕ್ ಮತ್ತು ಎಂ.ಜಿ. ರಸ್ತೆ ನಿಲ್ದಾಣಗಳಿಗೆ ಮುಗಿಬೀಳುತ್ತಾರೆ. ನಾನು ಮಾಡುವುದು ಇಷ್ಟು: ಪಶ್ಚಿಮಕ್ಕೆ ಹೋಗುವವರನ್ನು ವಿಧಾನಸೌಧ ನಿಲ್ದಾಣದವರೆಗೆ, ಪೂರ್ವಕ್ಕೆ ಹೋಗುವವರನ್ನು ಟ್ರಿನಿಟಿಯವರೆಗೆ ನಡೆಸುತ್ತೇನೆ. ದೀಪ ಹಾಕಿದ ವಿಧಾನಸೌಧವನ್ನು ರಾತ್ರಿ ನೋಡಿದ ಹಾಗೂ ಆಯಿತು.

ಊರಿಗೆ ಹಿಂದಿರುಗುವ ಬಸ್ಸನ್ನು ಅದೇ ರಾತ್ರಿ 11.30ಕ್ಕೆ ಕಾಯ್ದಿರಿಸಬೇಡಿ. ಸಂಜೆ 7.30ಕ್ಕೆ ಶುರುವಾದ ಆಟ ಹನ್ನೊಂದು ದಾಟುತ್ತದೆ. ಕೊನೆಯ ಓವರಿನ ಹೊತ್ತಿಗೆ ಎದ್ದು ಓಡಬೇಕಾಗುತ್ತದೆ. ಅಷ್ಟು ದೂರದಿಂದ ಬಂದು ಆ ಆರು ಎಸೆತ ಬಿಟ್ಟುಹೋಗುವವರನ್ನು ಕಂಡರೆ ನನಗೆ ಹೊಟ್ಟೆ ಕಿವುಚುತ್ತದೆ.

ಮಳೆ ಬಂದರೆ ದುಡ್ಡು ದಂಡವೇ?

ಏಪ್ರಿಲ್–ಮೇಯಲ್ಲಿ ಮಧ್ಯಾಹ್ನ ಬಿಸಿಲು ಸುಟ್ಟು, ಸಂಜೆ ಗುಡುಗಿ, ಒಂದು ಗಂಟೆ ಸುರಿದು ನಿಲ್ಲುವ ಮಳೆ ನಮ್ಮಲ್ಲಿ ಸಾಮಾನ್ಯ. ಅದಕ್ಕೆ ಹೆದರಿ ಎದ್ದು ಹೋಗಬೇಡಿ. 2017ರಲ್ಲಿ ಇಲ್ಲಿ ಅಳವಡಿಸಿದ ಸಬ್‌ಏರ್ ವ್ಯವಸ್ಥೆ ಹುಲ್ಲಿನಡಿಯ ಕೊಳವೆಗಳ ಮೂಲಕ ನೀರನ್ನು ಹೀರಿ ಹೊರಗೆಳೆಯುತ್ತದೆ. ಕೆಳಗೆ ಮರಳಿನ ಹಾಸಿದೆ. ಮಳೆ ನಿಂತರೆ ಅಂಗಳ ನೋಡನೋಡುತ್ತಲೇ ಒಣಗುತ್ತದೆ.

ಸೆಪ್ಟೆಂಬರ್, ಅಕ್ಟೋಬರಿನ ಮಾತು ಬೇರೆ. ಆಗ ದಿನಗಟ್ಟಲೆ ಹಿಡಿದುಕೊಳ್ಳುವ ಮಳೆ. 2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ಟೆಸ್ಟಿನ ಮೊದಲ ದಿನ ಒಂದು ಎಸೆತವೂ ಆಗಲಿಲ್ಲ. ಮರುದಿನ ಮೋಡದ ಕೆಳಗೆ ಬ್ಯಾಟ್ ಮಾಡಿದ ಭಾರತ 46ಕ್ಕೆ ಔಟಾಯಿತು, ತವರಿನಲ್ಲಿ ನಮ್ಮ ಅತಿ ಕಡಿಮೆ ಮೊತ್ತ. ಅದೇ ಪಂದ್ಯದಲ್ಲಿ 134 ಹೊಡೆದ ರಚಿನ್ ರವೀಂದ್ರ ಅವರ ತಂದೆತಾಯಿ ಬೆಂಗಳೂರಿನವರು. ಆಡದೇ ರದ್ದಾದ ಪಂದ್ಯಕ್ಕೆ ಹಣ ಮರಳಿಸುವ ನಿಯಮ ಟಿಕೆಟ್ಟಿನ ಹಿಂಬದಿ ಇರುತ್ತದೆ, ಓದಿಕೊಳ್ಳಿ.

## ತಿಂಡಿ, ನಡಿಗೆ

ಬೆಳಗ್ಗೆ ಒಳ್ಳೆಯ ತಿಂಡಿ ಎಲ್ಲಿ?

ಒಂದೇ ಒಂದು ಬೆಳಗು ಇದ್ದರೆ ಗಾಂಧಿ ಬಜಾರಿಗೆ ಹೋಗಿ. ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆದರೆ ವಿದ್ಯಾರ್ಥಿ ಭವನ. 1943ರಿಂದ ಇದೆ. ಅಲ್ಲಿಯ ಮಸಾಲೆ ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಬಡಿಸುವವರು ಒಂದೇ ತೋಳಿನ ಮೇಲೆ ತಟ್ಟೆಯ ಮೇಲೆ ತಟ್ಟೆ ಜೋಡಿಸಿಕೊಂಡು, ಮೊಣಕೈಯಿಂದ ಗದ್ದದವರೆಗೆ ದೋಸೆ ಹೊತ್ತು, ಒಂದೂ ಅಲುಗದಂತೆ ಸಾಲುಗಳ ನಡುವೆ ಬರುವುದನ್ನು ನೋಡಬೇಕು. ನೂರು ಸಲ ನೋಡಿದ್ದೇನೆ, ಇನ್ನೂ ಬೇಸರ ಬಂದಿಲ್ಲ. ಶುಕ್ರವಾರ ರಜೆ.

ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರದು. ರವೆ ಇಡ್ಲಿಯ ಹುಟ್ಟೂರು ಅದೇ ಎನ್ನುತ್ತಾರೆ. ನಮ್ಮ ಮಲ್ಲೇಶ್ವರದ ಸಿಟಿಆರ್‌ನ ಬೆಣ್ಣೆ ಮಸಾಲೆಯನ್ನು ನಾನು ಹೊಗಳಿದರೆ ಪಕ್ಷಪಾತವಾದೀತು, ಆದರೂ ಹೊಗಳುತ್ತೇನೆ. ಇಬ್ಬರು ಹೋದರೆ ಕೊನೆಗೆ "ಬೈ-ಟೂ ಕಾಫಿ" ಎನ್ನಿ, ಒಂದನ್ನು ಎರಡು ಲೋಟಕ್ಕೆ ಹಂಚಿ ಕೊಡುತ್ತಾರೆ.

ಮಾಂಸಾಹಾರ?

ಮಿಲಿಟರಿ ಹೋಟೆಲುಗಳಿಗೆ ಹೋಗಿ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿಗೆ ಮಧ್ಯಾಹ್ನದೊಳಗೆ ಹೋಗಬೇಕು, ತಡವಾದರೆ ಮುಗಿದಿರುತ್ತದೆ.

ಪಂದ್ಯ ಸಂಜೆಗೆ. ಅಲ್ಲಿಯವರೆಗೆ ಏನು ಮಾಡಲಿ?

ಬಿಸಿಲಿಗೆ ಕಬ್ಬನ್ ಪಾರ್ಕ್. ಕ್ರೀಡಾಂಗಣದ ಎದುರಿಗೇ ಇದೆ, 1870ರಿಂದ ಈ ಊರಿಗೆ ನೆರಳು ಕೊಡುತ್ತಿದೆ. ಬಿದಿರು ಮೆಳೆಯ ಕೆಳಗಿನ ಕಲ್ಲುಬೆಂಚಿನಲ್ಲಿ ಒಂದು ಗಂಟೆ ಮಲಗಿದರೆ ರಾತ್ರಿಯ ಪ್ರಯಾಣದ ದಣಿವು ಹೋಗುತ್ತದೆ. ಸ್ವಲ್ಪ ಹೊತ್ತು ಹೆಚ್ಚಿದ್ದರೆ ಲಾಲ್‌ಬಾಗ್: ಅಲ್ಲಿಯ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ, ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಪುಸ್ತಕದ ಹುಚ್ಚಿದ್ದರೆ ಚರ್ಚ್ ಸ್ಟ್ರೀಟ್.

## ಆಟದ ಹುಚ್ಚಿರುವವರಿಗೆ

ಚಿನ್ನಸ್ವಾಮಿಯಲ್ಲಿ ಅಷ್ಟೊಂದು ರನ್ ಏಕೆ ಬರುತ್ತವೆ?

ಬೌಂಡರಿ ಹತ್ತಿರ, ಅಂಗಳ ವೇಗವಾದದ್ದು, ಜೊತೆಗೆ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಚೆಂಡು ಇನ್ನಷ್ಟು ದೂರ ಹೋಗುತ್ತದೆ. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯದಲ್ಲೇ ಬ್ರೆಂಡನ್ ಮೆಕಲಂ ಇಲ್ಲಿ 158 ಹೊಡೆದರು. 2013ರಲ್ಲಿ ಕ್ರಿಸ್ ಗೇಲ್ ಔಟಾಗದೆ 175. 2011ರ ವಿಶ್ವಕಪ್ಪಿನಲ್ಲಿ ಭಾರತ–ಇಂಗ್ಲೆಂಡ್ ಇಬ್ಬರೂ 338 ಮಾಡಿ ಪಂದ್ಯ ಟೈ ಆಯಿತು. ನಾಲ್ಕು ದಿನದೊಳಗೆ ಅದೇ ಇಂಗ್ಲೆಂಡನ್ನು ಐರ್ಲೆಂಡ್ ಸೋಲಿಸಿತು, ಕೆವಿನ್ ಒಬ್ರಯನ್ 50 ಎಸೆತಕ್ಕೆ ನೂರು ಹೊಡೆದರು.

ಇಷ್ಟು ಹೇಳಿಯೂ, ನನಗೆ ಇದು ಬೌಲರುಗಳ ಅಂಗಳ. 1974ರ ನವೆಂಬರಿನಲ್ಲಿ ಇಲ್ಲಿಯ ಮೊದಲ ಟೆಸ್ಟಿಗೆ ವೆಸ್ಟ್ ಇಂಡೀಸ್ ಬಂದಿತ್ತು. ಗ್ರೀನಿಜ್ ಮತ್ತು ವಿವ್ ರಿಚರ್ಡ್ಸ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಗ್ರೀನಿಜ್ 93 ಮತ್ತು 107 ಹೊಡೆದರು. ರಿಚರ್ಡ್ಸ್ 4 ಮತ್ತು 3. ಎರಡು ಸಲವೂ ಔಟ್ ಮಾಡಿದ್ದು ನಮ್ಮ ಮೈಸೂರಿನ ಚಂದ್ರಶೇಖರ್. ಈ ಅಂಗಳದ ಪಕ್ಕದ ವೃತ್ತಕ್ಕೆ ಅನಿಲ್ ಕುಂಬ್ಳೆ ಅವರ ಹೆಸರಿದೆ, ಹಾದುಹೋಗುವಾಗ ನೋಡಿ.

ಅಲ್ಲಿ ನಡೆದ ಅತ್ಯುತ್ತಮ ಪಂದ್ಯ ಯಾವುದು?

ಪುಸ್ತಕ ಬಲ್ಲವರು 1974ರ ಮಾರ್ಚಿನ ರಣಜಿ ಸೆಮಿಫೈನಲ್ ಹೇಳುತ್ತಾರೆ. ಹಿಂದಿನ ನವೆಂಬರಿನಲ್ಲಷ್ಟೇ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತ್ತು. ಹದಿನೈದು ವರ್ಷ ಸತತ ಗೆದ್ದಿದ್ದ ಬಾಂಬೆಯ ಓಟವನ್ನು ಆ ಹೆಸರಿನಲ್ಲಿ ಆಡಿದ ಮೊದಲ ಋತುವಿನಲ್ಲೇ ನಮ್ಮವರು ನಿಲ್ಲಿಸಿದರು, ಕೊನೆಗೆ ರಣಜಿಯನ್ನೂ ಗೆದ್ದರು.

ನನಗಾದರೆ 1996ರ ಮಾರ್ಚ್ 9. ವಿಶ್ವಕಪ್ ಕ್ವಾರ್ಟರ್‌ಫೈನಲ್, ಎದುರಿಗೆ ಪಾಕಿಸ್ತಾನ. ಭಾರತ 287 ಮಾಡಿತ್ತು. ಅವರ ಬ್ಯಾಟ್ಸ್‌ಮನ್ ಅಮೀರ್ ಸೊಹೈಲ್ ನಮ್ಮ ವೆಂಕಟೇಶ್ ಪ್ರಸಾದರ ಚೆಂಡನ್ನು ಬೌಂಡರಿಗೆ ಅಟ್ಟಿ, ಬ್ಯಾಟು ಚಾಚಿ ಆ ಕಡೆ ತೋರಿಸಿದರು. ಇಡೀ ಸ್ಟ್ಯಾಂಡು ಉಸಿರು ಹಿಡಿಯಿತು. ಮುಂದಿನ ಎಸೆತಕ್ಕೆ ಆಫ್ ಸ್ಟಂಪ್ ಹಾರಿತು. ನನ್ನ ಪಕ್ಕದಲ್ಲಿದ್ದ ಹಿರಿಯರು, ಹೆಸರೂ ಗೊತ್ತಿರಲಿಲ್ಲ, ನನ್ನ ಭುಜವನ್ನು ಎರಡೂ ಕೈಯಲ್ಲಿ ಹಿಡಿದು "ನಮ್ಮ ಹುಡುಗ ಕಣಯ್ಯ, ನಮ್ಮ ಹುಡುಗ" ಎಂದು ಅಳುತ್ತಿದ್ದರು. ಪ್ರಸಾದ್ ಈ ಊರಿನವರು. ನಾವು 39 ರನ್ನಿಂದ ಗೆದ್ದೆವು.

ಎದುರಾಳಿ ತಂಡದ ಅಂಗಿ ಹಾಕಿಕೊಂಡು ಬಂದರೆ ತೊಂದರೆಯೇ?

ಇಲ್ಲ. ಸುತ್ತಲೂ ಕೆಂಪು ಅಂಗಿಯವರು "ಈ ಸಲ ಕಪ್ ನಮ್ದೇ" ಎಂದು ವರ್ಷಗಟ್ಟಲೆ ಕೂಗಿದವರು, ಕೆಣಕುತ್ತಾರೆ. ನೀವೂ ನಕ್ಕು ಉತ್ತರ ಕೊಡಿ. ಒಳ್ಳೆಯ ಆಟ ಕಂಡರೆ ಇಲ್ಲಿಯವರು ಬಣ್ಣ ನೋಡುವುದಿಲ್ಲ. 2015ರ ನವೆಂಬರಿನಲ್ಲಿ ಎ.ಬಿ. ಡಿವಿಲಿಯರ್ಸ್ ತಮ್ಮ ನೂರನೆಯ ಟೆಸ್ಟನ್ನು ಇಲ್ಲಿ ಭಾರತದ ವಿರುದ್ಧ ಆಡಿದರು. ಕ್ರೀಸಿಗೆ ಬಂದಾಗ ಇಡೀ ಕ್ರೀಡಾಂಗಣ "ಎಬಿಡಿ, ಎಬಿಡಿ" ಎಂದಿತು. ಅವರು 85 ಹೊಡೆದರು. ಮುಂದಿನ ನಾಲ್ಕು ದಿನ ಮಳೆ ಸುರಿದು ಆಟವೇ ನಡೆಯಲಿಲ್ಲ, ಆ ಮೊದಲ ದಿನ ಬಂದವರಿಗೆ ಮಾತ್ರ ಅದು ದಕ್ಕಿತು.

ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಲು ಸಿಗುತ್ತದೆಯೇ?

ಧಾರಾಳವಾಗಿ. ಕಬ್ಬನ್ ಪಾರ್ಕಿನ ಇನ್ನೊಂದು ಬದಿಯಲ್ಲಿ ಕಂಠೀರವ ಕ್ರೀಡಾಂಗಣವಿದೆ, ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ತವರು. 2013ರಲ್ಲಿ ಹುಟ್ಟಿದ ಕ್ಲಬ್ಬು ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಪಶ್ಚಿಮದ ಸ್ಟ್ಯಾಂಡಿನಲ್ಲಿ ನೀಲಿ ಬಟ್ಟೆಯ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ತೊಂಬತ್ತು ನಿಮಿಷವೂ ನಿಂತೇ ಹಾಡುತ್ತಾರೆ. ಗಂಟಲು ಗಟ್ಟಿಯಿದ್ದರೆ ಅವರ ನಡುವೆ ಸೀಟು ತೆಗೆದುಕೊಳ್ಳಿ. ಪಕ್ಕದ ಒಳಾಂಗಣದಲ್ಲಿ ಬೆಂಗಳೂರು ಬುಲ್ಸ್ ಕಬಡ್ಡಿ ಆಡುತ್ತಿದ್ದ ದಿನಗಳಲ್ಲಿ ಆ ಚಾವಣಿಯ ಕೆಳಗಿನ ಸದ್ದಿಗೆ ಕಿವಿ ಗಡಚಿಕ್ಕುತ್ತಿತ್ತು.

ಫುಟ್‌ಬಾಲ್ ಇಲ್ಲಿ ನಿನ್ನೆ ಮೊನ್ನೆಯದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಹಲಸೂರಿನ ಬಳಿಯ ಗೌತಮಪುರಕ್ಕೆ ಹೋದರೆ ಬೀದಿಯಲ್ಲೇ ಪೆಲೆಯ ಪ್ರತಿಮೆ ಕಾಣುತ್ತೀರಿ. ಸಂಜೆ ಐದರ ಮೇಲೆ ಅಲ್ಲಿ ಬರಿಗಾಲಲ್ಲಿ ಆಡುವ ಹುಡುಗರ ಪಾಸ್‌ಗಳನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಮಗಳು ಕ್ರಿಕೆಟ್ ಕಲಿಯುತ್ತಿದ್ದಾಳೆ. ಅವಳಿಗೆ ತೋರಿಸುವಂಥದ್ದು ಏನಿದೆ?

ಚಿನ್ನಸ್ವಾಮಿಯ ಹೊರಗೆ ನಿಲ್ಲಿಸಿ ಇದನ್ನು ಹೇಳಿ: ಭಾರತದ ಮಹಿಳೆಯರು ತಮ್ಮ ಮೊಟ್ಟಮೊದಲ ಟೆಸ್ಟ್ ಆಡಿದ್ದು ಈ ಗೋಡೆಯ ಒಳಗೆ, 1976ರ ಅಕ್ಟೋಬರ್ 31ರಂದು, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ನಮ್ಮ ಶಾಂತಾ ರಂಗಸ್ವಾಮಿ.

ಆಮೇಲೆ ಮಲ್ಲೇಶ್ವರಕ್ಕೆ ಕರೆತಂದು ಕೆನರಾ ಯೂನಿಯನ್ ಸಭಾಂಗಣ ತೋರಿಸಿ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಅಲ್ಲಿ. ಅದು ಮದುವೆಗಳೂ ನಡೆಯುತ್ತಿದ್ದ ಛತ್ರ. ಮದುವೆಯಿದ್ದ ದಿನ ಆಟವಿಲ್ಲ. ನಮ್ಮ ಮನೆ ಅಲ್ಲಿಂದ ದೂರವಿಲ್ಲ, ಸಭಾಂಗಣ ತೋರಿಸಿ ಎಂದು ಕೇಳಿದವರನ್ನು ನಾನೇ ಕರೆದುಕೊಂಡು ಹೋಗಿದ್ದೇನೆ.

ದೊಡ್ಡ ಪಂದ್ಯದ ಟಿಕೆಟ್ ಎಂದೂ ಸಿಗುವುದಿಲ್ಲ. ಆ ಅಂಗಳವನ್ನು ಒಳಗಿಂದ ನೋಡುವ ದಾರಿಯೇ ಇಲ್ಲವೇ?

ಇದೆ, ಅದೂ ಖರ್ಚಿಲ್ಲದೆ. ಚಳಿಗಾಲದಲ್ಲಿ ರಣಜಿ ಪಂದ್ಯ ಚಿನ್ನಸ್ವಾಮಿಯಲ್ಲಿ ಬಿದ್ದರೆ ಬನ್ನಿ. ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಗುರುತಿನ ಚೀಟಿ ಇಟ್ಟುಕೊಂಡಿರಿ. ಬೆಳಗ್ಗೆ ಒಂಬತ್ತೂವರೆಗೆ ಆಟ ಶುರು. ಮುಂಜಾವಿನ ಚಳಿ ಇನ್ನೂ ಬಿಟ್ಟಿರುವುದಿಲ್ಲ, ಹಿರಿಯರು ಸ್ವೆಟರ್ ಹಾಕಿಕೊಂಡು, ಮಡಚಿದ ಪತ್ರಿಕೆಯನ್ನು ಸೀಟಿನ ಮೇಲೆ ಹಾಸಿ ಕುಳಿತಿರುತ್ತಾರೆ. ಧ್ವನಿವರ್ಧಕವಿಲ್ಲ, ಹಾಡಿಲ್ಲ. ಚೆಂಡು ಬ್ಯಾಟಿಗೆ ತಾಗಿದ ಸದ್ದು, ವಿಕೆಟ್‌ಕೀಪರ್ ಕನ್ನಡದಲ್ಲಿ ಬೌಲರನ್ನು ಹುರಿದುಂಬಿಸುವ ಮಾತು, ಎಲ್ಲವೂ ಸ್ಟ್ಯಾಂಡಿಗೆ ಕೇಳಿಸುತ್ತದೆ. ಮಧ್ಯಾಹ್ನದ ಊಟದ ವಿರಾಮದಲ್ಲಿ ಎಂ.ಜಿ. ರಸ್ತೆ ಕಡೆ ಹೋಗಿ ಕಾಫಿ ಕುಡಿದು ಬನ್ನಿ. ವಾಪಸ್ಸು ಬಂದಾಗ ನಿಮ್ಮ ಸೀಟು ಖಾಲಿಯೇ ಇರುತ್ತದೆ, ಪಕ್ಕದ ಹಿರಿಯರು ಸ್ಕೋರು ಹೇಳುತ್ತಾರೆ.